ದೋಣಿ ಬರುವ ಹೊತ್ತಿಗೆ ನೀರು ಇಳಿದಿತ್ತು

(ಮಳೆಗಾಲ ಹಿಡಿಯುವ ಮುಂಚೆ ಕಲಬುರಗಿಯ ಬಡಾವಣೆಯೊಂದರ ನಿವಾಸಿಗಳು ಕರೆದಿದ್ದ ಸಭೆಯಲ್ಲಿ ಆಡಿದ ಮಾತು. ಮೊಬೈಲಿನಲ್ಲಿ ಹಿಡಿದದ್ದನ್ನು ಕೇಳಿಕೊಂಡು ನಾನೇ ಬರೆದಿದ್ದೇನೆ. ಮೈಕ್ ಕೆಟ್ಟು ನಿಂತ ಕಡೆ ನೆನಪಿನಿಂದ ತುಂಬಿದ್ದೇನೆ.)

ಎಲ್ಲರಿಗೂ ಶರಣು ಶರಣಾರ್ಥಿ.

ನಮ್ಮ ಮನೆಯ ಪಡಸಾಲೆ ಗೋಡೆಯ ಮೇಲೆ ಒಂದು ಗೆರೆ ಇದೆ. ನೆಲದಿಂದ ಎರಡು ಫೂಟು ಏಳು ಇಂಚು. ಗೆರೆಯ ಮೇಲೆ ಗೋಡೆ ಬೆಳ್ಳಗಿದೆ, ಕೆಳಗೆ ಚಹಾ ಚೆಲ್ಲಿದ ಬಣ್ಣ. ಪ್ರತಿ ದೀಪಾವಳಿಗೂ ಮನೆಯಾಕೆ "ಈ ಸಲನಾದ್ರೂ ಬಣ್ಣ ಹೊಡಸ್ರಿ" ಅನ್ನುತ್ತಾಳೆ, ನಾನು ಜಪ್ಪಯ್ಯ ಅಂದರೂ ಒಪ್ಪಿಲ್ಲ. ನಮ್ಮ ಓಣಿಯಲ್ಲಿ ಆ ರಾತ್ರಿ ನೀರು ಎಷ್ಟು ನಿಂತಿತ್ತು ಅನ್ನುವುದಕ್ಕೆ ಇರುವ ದಾಖಲೆ ಅದೊಂದೇ. ಸರಕಾರಿ ಕಾಗದದಲ್ಲಿ 'ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದೆ' ಅಂತ ಒಂದು ಸಾಲು ಇರುತ್ತದೆ. ಎಷ್ಟು ನೀರು, ಎಷ್ಟು ಹೊತ್ತು, ಯಾರ ಮನೆಗೆ ಅನ್ನುವುದು ಅದರಲ್ಲಿ ಇರುವುದಿಲ್ಲ.

ನನ್ನ ಪರಿಚಯ ಇಲ್ಲದವರಿಗೆ ಹೇಳುತ್ತೇನೆ. ಮೂವತ್ತು ವರ್ಷ ಸಿವಿಲ್ ಎಂಜಿನಿಯರಿಂಗ್ ಓದುವ ಹುಡುಗರಿಗೆ ನೀರಿನ ಹರಿವಿನ ಲೆಕ್ಕ ಕಲಿಸಿ ರಿಟೈರ್ ಆದವನು ನಾನು. ನೀರು ಮನೆ ಹೊಕ್ಕಾಗ ಆ ಲೆಕ್ಕ ಯಾವುದೂ ನೆನಪಾಗಲಿಲ್ಲ. ಪುಸ್ತಕದ ಕಪಾಟಿನ ಕೆಳಗಿನ ಅರೆ ತೆರವು ಮಾಡುವುದೋ, ಫ್ರಿಜ್ ಎತ್ತುವುದೋ ತಿಳಿಯದೆ ಸ್ಟೂಲಿನ ಮೇಲೆ ಹತ್ತಿ ನಿಂತಿದ್ದೆ.

2020ರ ಅಕ್ಟೋಬರ್. ಚಿತ್ತಿ ಮಳೆಯ ದಿನಗಳು. ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ 13ರ ಬೆಳಿಗ್ಗೆ ಕಾಕಿನಾಡದ ಹತ್ತಿರ ದಡ ಹತ್ತಿ, ತೆಲಂಗಾಣ ದಾಟಿಕೊಂಡು ನಮ್ಮ ಕಡೆ ಬಂತು. ಆ ರಾತ್ರಿ ಹೈದರಾಬಾದ್ ಮುಳುಗಿದ್ದನ್ನು ನೀವೆಲ್ಲ ಟಿವಿಯಲ್ಲಿ ನೋಡಿದ್ದೀರಿ. ಬೇಗಂಪೇಟೆಯಲ್ಲಿ ಒಂದೇ ದಿನ 19 ಸೆಂಟಿಮೀಟರ್ ಹತ್ತಿರ ಸುರಿಯಿತು. ಕಲಬುರಗಿ, ಬೀದರ, ಯಾದಗಿರಿಗೂ ಅದೇ ಮೋಡದ ಪಾಲು ಸಿಕ್ಕಿತು. ಆಮೇಲೆ ಮಹಾರಾಷ್ಟ್ರದ ಉಜನಿ, ವೀರ್ ಅಣೆಕಟ್ಟುಗಳಿಂದ ನೀರು ಬಿಟ್ಟು ಭೀಮಾ ಉಕ್ಕಿತು, ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿನಿಂದ ಲಕ್ಷಗಟ್ಟಲೆ ಕ್ಯೂಸೆಕ್ ಹರಿಯಿತು, ಗಾಣಗಾಪುರದ ಸಂಗಮ ಮುಳುಗಿತು. ಪೇಪರಿನಲ್ಲಿ ಬಂದದ್ದು ಈ ಎರಡನೆಯ ಕಥೆ. ನಾನು ಹೇಳಲು ಬಂದಿರುವುದು ಮೊದಲನೆಯದು.

ನಮ್ಮ ಓಣಿ ನಾಲಾದ ಕಡೆಗೆ ಇಳಿಜಾರು. ತುದಿಯ ಮನೆಯಲ್ಲಿ ಒಬ್ಬ ಆಯಿ, ಎಂಬತ್ತು ದಾಟಿದವರು, ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದು ಹಾಸಿಗೆ ಹಿಡಿದಿದ್ದರು. ಮಗ ಪುಣೆಯಲ್ಲಿ, ಸೊಸೆಯೊಬ್ಬಳೇ ಮನೆಯಲ್ಲಿ. ರಾತ್ರಿ ಒಂಬತ್ತೂ ಇಪ್ಪತ್ತಕ್ಕೆ ಹೊಸ್ತಿಲು ದಾಟಿ ನೀರು ಒಳಗೆ ಬಂತು. ಹತ್ತೂವರೆಗೆ ಹೊರಸಿನ ನುಲಿ ತಾಗಿತು. ಕರೆಂಟ್ ಹೋಗಿತ್ತು. ಆ ಹುಡುಗಿ ಕಿಟಕಿಯಿಂದ ಮೊಬೈಲಿನ ಬೆಳಕು ಆಡಿಸುತ್ತಿದ್ದಳು.

ನಾನು ಫೋನ್ ಹಚ್ಚಿದೆ. ಯಾವ ಕಚೇರಿಗೆ ಅಂತ ಹೇಳುವುದಿಲ್ಲ, ಹೇಳಿದರೆ ಮಾತು ಆ ಕಚೇರಿಯ ಸುತ್ತಲೇ ಗಿರಕಿ ಹೊಡೆಯುತ್ತದೆ. ಮೊದಲ ಸಲ ಲೈನ್ ಸಿಗಲಿಲ್ಲ. ಎರಡನೇ ಸಲ ಸಿಕ್ಕಿತು. ಆ ಕಡೆಯ ಹುಡುಗ ಬಹಳ ಮರ್ಯಾದೆಯಿಂದಲೇ ಕೇಳಿದ: "ಯಾವ ತಾಲೂಕರೀ?" ಕಲಬುರಗಿ ಅಂದೆ. "ಹಳ್ಳಿ ಯಾವುದ್ರೀ?" ಹಳ್ಳಿಯಲ್ಲಪ್ಪ, ಊರೊಳಗೇ ಅಂದೆ. "ಹೊಳಿ ದಂಡಿಗಿಂದ ಎಷ್ಟು ದೂರ ಅದರೀ?"

ಆಗ ಸಿಟ್ಟು ನೆತ್ತಿಗೇರಿತ್ತು. ಮಲಗಿದ ಮೇಲೆ, ಅಂದರೆ ಮಾರನೇ ದಿನ ಮಧ್ಯಾಹ್ನ, ಅರ್ಥವಾಯಿತು. ಅವನ ತಪ್ಪಲ್ಲ. ಅವನ ಮುಂದಿದ್ದ ಫಾರ್ಮಿನಲ್ಲಿ ಆ ಮೂರು ಪ್ರಶ್ನೆಗಳೇ ಇದ್ದವು. ಫಾರ್ಮ್ ಬರೆದವರ ತಲೆಯಲ್ಲಿ ಪ್ರವಾಹ ಅಂದರೆ ಹೊಳೆ. ಹೊಳೆ ಇಲ್ಲದ ಊರಿನಲ್ಲಿ ಮನುಷ್ಯ ಮುಳುಗುತ್ತಾನೆ ಅನ್ನುವುದಕ್ಕೆ ಅದರಲ್ಲಿ ಖಾನೆಯೇ ಇರಲಿಲ್ಲ. ಮೂರನೇ ಸಲ ಹಚ್ಚಿದಾಗ ಬೇರೆಯವರು ಎತ್ತಿದರು. ಬೋಟು ಹೊಳಿ ದಂಡೆಯ ಹಳ್ಳಿಗೆ ಹೋಗಿದೆ, ಬಂದ ಕೂಡಲೇ ಕಳಿಸ್ತೀವಿ ಅಂದರು.

ಆಯಿಯನ್ನು ತಂದದ್ದು ಮೂಲೆಯ ಪಂಕ್ಚರ್ ಅಂಗಡಿಯ ಚಾಚಾ ಮತ್ತು ಓಣಿಯ ನಾಲ್ಕು ಹುಡುಗರು. ಚಾಚಾನ ಅಂಗಡಿಯಲ್ಲಿ ಲಾರಿ ಟ್ಯೂಬುಗಳಿದ್ದವು. ಕರೆಂಟ್ ಇಲ್ಲದ ಮೇಲೆ ಕಂಪ್ರೆಸರ್ ಹೇಗೆ ನಡೆಯಬೇಕು? ನನಗೆ ಹೊಳೆಯಲಿಲ್ಲ, ಅವನಿಗೆ ಹೊಳೆಯಿತು: ಕಂಪ್ರೆಸರಿನ ಟ್ಯಾಂಕಿನಲ್ಲಿ ಸಂಜೆಯ ಹವಾ ಉಳಿದಿತ್ತು. ಮೂರು ಟ್ಯೂಬಿಗೆ ಸಾಲಿತು. ನಾಲ್ಕನೆಯದಕ್ಕೆ ಸೈಕಲ್ ಪಂಪು. ನಾನು ಬಿರುಸಾಗಿ ತುಂಬು ಅಂದರೆ, "ಫುಲ್ ಬ್ಯಾಡ್ರಿ ಸರ್, ಗಟ್ಟಿ ಆದ್ರ ಹೊರಸು ಜಾರ್ತದ, ಮೆತ್ತಗಿದ್ರ ಹಿಡಕೋತದ" ಅಂದ. ಹೊರಸಿನ ನಾಲ್ಕು ಕಾಲಿಗೆ ನಾಲ್ಕು ಟ್ಯೂಬು, ಮೇಲೆ ಆಯಿ, ಆಕೆಯ ಎದೆಯ ಮೇಲೆ ಗುಳಿಗೆಯ ಡಬ್ಬಿ. ಒಬ್ಬ ಹುಡುಗ ಮುಂದೆ ಬಿದಿರು ಗಳ ಹಿಡಿದು ನೆಲ ತಡವುತ್ತ ನಡೆದ, ಒಳಚರಂಡಿಯ ಮುಚ್ಚಳ ತೆರೆದಿದ್ದರೆ ಗೊತ್ತಾಗಲಿ ಅಂತ. ಒಂದು ತೆರೆದೇ ಇತ್ತು. ಗಳ ಎರಡು ಮೊಳ ಒಳಗೆ ಹೋಯಿತು. ಆ ಹುಡುಗ ಡಿಪ್ಲೊಮಾದಲ್ಲಿ ಎರಡು ಸಲ ಫೇಲ್ ಆದವನು. ನನ್ನ ಕೈಲಿದ್ದಿದ್ದರೆ ಅವತ್ತೇ ಪಾಸ್ ಮಾಡಿಬಿಡುತ್ತಿದ್ದೆ.

ಹನ್ನೊಂದೂವರೆಗೆ ನೀರು ತುಟ್ಟತುದಿ ಮುಟ್ಟಿತು, ನನ್ನ ಗೋಡೆಯ ಗೆರೆ ಆಗಿನದು. ಮೂರು ಗಂಟೆಯ ಹೊತ್ತಿಗೆ ಪಾದ ಮುಳುಗುವಷ್ಟು. ಬೆಳಿಗ್ಗೆ ಆರೂ ನಲವತ್ತಕ್ಕೆ ಜೀಪು ಬಂತು, ಹಿಂದೆ ಬೋಟು ಕಟ್ಟಿಕೊಂಡು. ನಾವು ಆಗ ಸಲಿಕೆಯಿಂದ ಕೆಸರು ಎತ್ತುತ್ತಿದ್ದೆವು. ಬಂದ ಹುಡುಗರು ಎರಡು ರಾತ್ರಿ ಕಣ್ಣು ಮುಚ್ಚಿರಲಿಲ್ಲ, ನಿಂತಲ್ಲೇ ತೂಗುತ್ತಿದ್ದರು. ಚಹಾ ಕೊಟ್ಟೆವು. ಜೀಪಿನಲ್ಲಿದ್ದ ಲೈಫ್ ಜಾಕೆಟ್ಟುಗಳಲ್ಲಿ ಎರಡಕ್ಕೆ ಇನ್ನೂ ಪ್ಲಾಸ್ಟಿಕ್ ಹೊದಿಕೆ ಇತ್ತು. ಆ ಹುಡುಗರನ್ನು ಬೈದು ನನಗೇನು ಸಿಗಬೇಕಾಗಿದೆ? ಅವರು ತಡವಾಗಿ ಬಂದದ್ದಲ್ಲ. ಅವರನ್ನು ಎಂಥ ನೀರಿಗಾಗಿ ತಯಾರು ಮಾಡಿದ್ದರೋ ಆ ನೀರಿನ ಲೆಕ್ಕದಲ್ಲಿ ಅವರು ಹೊತ್ತಿಗೆ ಸರಿಯಾಗಿಯೇ ಬಂದಿದ್ದರು.

ಭೀಮಾ ಹೇಳಿ ಬರುವ ಹೊಳೆ. ಉಜನಿ 117 ಟಿಎಂಸಿಯ ಅಣೆಕಟ್ಟು. ಅಲ್ಲಿ ಗೇಟು ಎತ್ತಿದರೆ ಸೊಲ್ಲಾಪುರದಿಂದ ಫೋನ್ ಬರುತ್ತದೆ, ಇಂಡಿ, ಅಫಜಲಪುರದಲ್ಲಿ ಡಂಗುರ ಹೊಡೆಯುತ್ತಾರೆ, ದನಕರು ಏರಿಗೆ ಹೊಡೆಯಲು ಹೊತ್ತು ಸಿಗುತ್ತದೆ. 2025ರ ಸೆಪ್ಟೆಂಬರ್ ಕೊನೆಯಲ್ಲೂ ಹಾಗೆಯೇ ಬಂತು. ಹಾಳು ಮಾಡುವುದರಲ್ಲಿ ಕಡಿಮೆ ಏನಿಲ್ಲ, ಹೊಲಕ್ಕೆ ಹೊಲವೇ ಹೋಗುತ್ತದೆ, ದಿನಗಟ್ಟಲೆ ನಿಲ್ಲುತ್ತದೆ. ಆದರೆ ದಿನಗಟ್ಟಲೆ ನಿಲ್ಲುವುದರಿಂದಲೇ ಹೊರಗಿನವರು ಬಂದು ಕಾಪಾಡಲು ಆಗುತ್ತದೆ. ಎನ್‌ಡಿಆರ್‌ಎಫ್, ಅಂದರೆ ಕೇಂದ್ರದ ವಿಪತ್ತು ಪರಿಹಾರ ಪಡೆಯ ಹತ್ತನೇ ಬೆಟಾಲಿಯನ್ ಇರುವುದು ಆಂಧ್ರದ ವಿಜಯವಾಡದ ಹತ್ತಿರ. ನಮ್ಮ ರಾಜ್ಯವೂ ಅದರ ಪಾಲಿಗೆ ಸೇರಿದೆ. ಅಲ್ಲಿಂದ ಇಲ್ಲಿಗೆ ರಸ್ತೆಯಲ್ಲಿ ಹತ್ತಿರ ಹತ್ತಿರ 500 ಕಿಲೋಮೀಟರ್, ಹೈದರಾಬಾದ್ ಹಾದು ಬರಬೇಕು. ಹೈದರಾಬಾದೇ ಮುಳುಗಿದ ರಾತ್ರಿ ಆ ದಾರಿ ಏನಾಗಿರುತ್ತದೆ ಯೋಚಿಸಿ. ಹೊಳೆಯ ಪ್ರವಾಹಕ್ಕೆ ಈ ದೂರ ನಡೆಯುತ್ತದೆ. ಓಣಿಯ ಪ್ರವಾಹ ಒಂಬತ್ತೂ ಇಪ್ಪತ್ತಕ್ಕೆ ಹುಟ್ಟಿ ಮೂರಕ್ಕೆ ಸತ್ತುಹೋಗುತ್ತದೆ. ಜಿಲ್ಲಾ ಕೇಂದ್ರದಿಂದಲೇ ಹೊರಟರೂ, ಗಿಡ ಬಿದ್ದ ರಸ್ತೆ, ನೀರು ತುಂಬಿದ ಅಂಡರ್‌ಬ್ರಿಡ್ಜ್ ದಾಟಿಕೊಂಡು ಬರುವಷ್ಟರಲ್ಲಿ ಅದರ ಆಯುಷ್ಯ ಮುಗಿದಿರುತ್ತದೆ.

ಇದು ಹೊಸದಾಗಿ ನಾನು ಕಂಡುಹಿಡಿದ ಮಾತೇನಲ್ಲ. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಸುರಿದ ಮೇಲೆ ದೇಶಕ್ಕೆ ಬುದ್ಧಿ ಬಂತು. ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ 2010ರಲ್ಲಿ ನಗರ ಪ್ರವಾಹಕ್ಕೆಂದೇ ಬೇರೆ ಮಾರ್ಗಸೂಚಿ ಹೊರಡಿಸಿತು: ಇದು ನದಿಯ ಪ್ರವಾಹದಂಥದ್ದಲ್ಲ, ಇದನ್ನು ಬೇರೆ ವಿಪತ್ತು ಅಂತಲೇ ನೋಡಬೇಕು ಅಂತ. ಹಿಂದೆ ಕಟ್ಟಿದ ಮಳೆನೀರು ಚರಂಡಿಗಳನ್ನು ಗಂಟೆಗೆ 12ರಿಂದ 20 ಮಿಲಿಮೀಟರ್ ಮಳೆಯ ಲೆಕ್ಕಕ್ಕೆ ಕಟ್ಟಿದ್ದರು ಅಂತಲೂ ಅದರಲ್ಲಿದೆ. ಗಂಟೆಗೆ 60 ಬಿದ್ದರೆ? ಚರಂಡಿ ಹೊಸದಾಗಿ, ಚೊಕ್ಕಟವಾಗಿ, ಒಂದು ಪ್ಲಾಸ್ಟಿಕ್ ಚೀಲವೂ ಇಲ್ಲದೆ ಇದ್ದರೂ ಮೂರರಲ್ಲಿ ಎರಡು ಪಾಲು ರಸ್ತೆಯ ಮೇಲೆಯೇ. ಹೀಗಾಗಿ "ನಾಲಾ ಸಾಫ್ ಮಾಡಿದ್ರ ಎಲ್ಲಾ ಸರಿ ಆಗ್ತದ" ಅನ್ನುವ ಮಾತು ಅರ್ಧ ಸತ್ಯ. ಸಾಫ್ ಮಾಡಲೇಬೇಕು, ಆದರೆ ಅಷ್ಟಕ್ಕೇ ಬಚಾವಾಗುವುದಿಲ್ಲ.

ಲೆಕ್ಕ ಬಂದದ್ದಕ್ಕೆ ಇನ್ನೊಂದು ಹೇಳಿಬಿಡುತ್ತೇನೆ, ಮೇಷ್ಟ್ರ ಚಟ. ಮೂವತ್ತು ನಲವತ್ತರ ಸೈಟು, ನಮ್ಮೆಲ್ಲರದೂ ಅಷ್ಟೇ ತಾನೆ? ಅದರ ಮೇಲೆ 100 ಮಿಲಿಮೀಟರ್ ಮಳೆ ಬಿದ್ದರೆ 11 ಸಾವಿರ ಲೀಟರ್. ಬೇಸಿಗೆಯಲ್ಲಿ ನಾವು ದುಡ್ಡು ಕೊಟ್ಟು ತರಿಸುವ ಐದು ಸಾವಿರ ಲೀಟರಿನ ಟ್ಯಾಂಕರ್ ಎರಡು, ಮೇಲೆ ನಾಲ್ಕಾರು ಬ್ಯಾರಲ್. ಒಂದು ಚದರ ಕಿಲೋಮೀಟರಿಗೆ ಹತ್ತು ಕೋಟಿ ಲೀಟರ್, ಅಂದರೆ ಇಪ್ಪತ್ತು ಸಾವಿರ ಟ್ಯಾಂಕರ್. ಅಷ್ಟೂ ಟ್ಯಾಂಕರನ್ನು ಒಂದೇ ರಾತ್ರಿ ನಮ್ಮ ಬಡಾವಣೆಯ ಏರಿನಲ್ಲಿ ನಿಲ್ಲಿಸಿ ನಲ್ಲಿ ಬಿಟ್ಟರು ಅಂದುಕೊಳ್ಳಿ.

ನೆಲ ಕುಡಿಯುವುದಿಲ್ಲವೇ ಅಂತ ಕೇಳಬಹುದು. ನಮ್ಮದು ಕರಿ ಎರೆ ನೆಲ, ತೊಗರಿ ಬೆಳೆಯುವ ನೆಲ. ಏಪ್ರಿಲಿನಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟಿರುತ್ತದೆ, ಮೊದಲ ಮಳೆಯನ್ನು ಗಟಗಟ ಕುಡಿಯುತ್ತದೆ. ಕುಡಿದ ಮೇಲೆ ಉಬ್ಬುತ್ತದೆ, ಬಿರುಕು ಮುಚ್ಚುತ್ತದೆ, ಆಮೇಲೆ ಎಣ್ಣೆ ಸವರಿದ ಹಂಚಿನ ಹಾಗೆ. ಮಘಿ, ಹುಬ್ಬಿ, ಉತ್ತರಿ ಮಳೆ ಆಗಿ ನೆನೆದು ಕೂತ ನೆಲದ ಮೇಲೆ ಚಿತ್ತಿ ಮಳೆ ಸುರಿದರೆ ಹನಿಯೂ ಇಂಗುವುದಿಲ್ಲ. ಅದರ ಮೇಲೆ ನಾವು ಸಿಸಿ ರಸ್ತೆ ಹಾಕಿದ್ದೇವೆ, ಅಂಗಳಕ್ಕೆ ಫರಸಿ ಹಾಸಿದ್ದೇವೆ. ಇನ್ನು ರಸ್ತೆಯ ಎತ್ತರ. ನಾನು ಮನೆ ಕಟ್ಟಿದಾಗ ರಸ್ತೆಯಿಂದ ಮೂರು ಮೆಟ್ಟಿಲು ಹತ್ತಿ ಒಳಗೆ ಬರಬೇಕಿತ್ತು. ಹಳೆಯದನ್ನು ಅಗೆಯದೆ ಅದರ ಮೇಲೆಯೇ ಎರಡು ಸಲ ರಸ್ತೆ ಹಾಕಿದರು. ಈಗ ಅರ್ಧ ಮೆಟ್ಟಿಲು ಉಳಿದಿದೆ. ತುದಿಯ ಆಯಿ ಮನೆಗೆ ರಸ್ತೆಯಿಂದ ಕೆಳಗೆ ಇಳಿದು ಹೋಗಬೇಕು. ರಸ್ತೆ ಹಾಕಿದ ದಿನ ನಾವೇ ಗುತ್ತಿಗೆದಾರನಿಗೆ ಹಾರ ಹಾಕಿದ್ದೆವು. ಫೋಟೋದಲ್ಲಿ ನಾನೂ ಇದ್ದೇನೆ.

ಕಲಬುರಗಿಯ ಹಳೆಯ ಊರು ಕಟ್ಟಿದವರಿಗೆ ನೀರಿನ ದಿಕ್ಕು ಗೊತ್ತಿತ್ತು. ಕೋಟೆಯ ಕಂದಕ, ಅಪ್ಪನ ಕೆರೆ, ಊರ ತುಂಬ ಇದ್ದ ಬಾವಿಗಳು. ನೀರು ಹೋಗಿ ಕೂರಲು ಜಾಗ ಇತ್ತು. ನಾನು ಹಳೆಯದನ್ನು ಹೊಗಳಲು ಬಂದವನಲ್ಲ. ಐದು ಲಕ್ಷ ದಾಟಿದ ಊರು ಕಂದಕದೊಳಗೆ ಹಿಡಿಸುವುದಿಲ್ಲ. ಆದರೆ ಹೊಸ ಬಡಾವಣೆಗೆ ನಕ್ಷೆ ಬರೆಯುವಾಗ ಪಾರ್ಕು, ಗುಡಿ, ಶಾಲೆಗೆ ಜಾಗ ಬಿಡುವ ನಾವು ನೀರಿಗೆ ಒಂದು ಸೈಟೂ ಬಿಡುವುದಿಲ್ಲ. ಬೀದರಿನ ಗೆಳೆಯನೊಬ್ಬ ನಗುತ್ತಾನೆ, "ನಾವು ಗುಡ್ಡದ ಮ್ಯಾಲ ಇದ್ದೀವಿ, ನಮಗೇನ್ ಆಗಬೇಕು" ಅಂತ. ಅವನ ಹಳೆ ಊರಿಗೆ ಏನೂ ಆಗಲಿಕ್ಕಿಲ್ಲ. ಅಲ್ಲಿಂದ ಇಳಿದ ನೀರು ಹೊಸ ಊರಿನ ಯಾವುದೋ ಓಣಿಗೆ ಹೋಗಲೇಬೇಕಲ್ಲ.

ನಮ್ಮ ಸೀಮೆಯವರಿಗೆ ಪ್ರವಾಹದ ಹಳೆಯ ನೆನಪೊಂದಿದೆ. ನಾವು ನಿಜಾಮನ ಪ್ರಜೆಗಳಾಗಿದ್ದ ಕಾಲ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಹೈದರಾಬಾದಿಗೆ ನುಗ್ಗಿತು. ಸತ್ತವರು ಸುಮಾರು ಹದಿನೈದು ಸಾವಿರ ಅನ್ನುತ್ತಾರೆ. ಅಫಜಲಗಂಜಿನ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಸೆ ಮರವಿದೆ. ಅದನ್ನು ಹತ್ತಿ ನೂರೈವತ್ತರಷ್ಟು ಜನ ಬದುಕಿಕೊಂಡರು. ಆಗಿನ ನಿಜಾಮ ಮೆಹಬೂಬ್ ಅಲಿ ಖಾನ್, ನಮ್ಮ ಊರಿನ ಹಳೆಯ ಬಟ್ಟೆ ಗಿರಣಿ, ಎಂಎಸ್‌ಕೆ (ಮೆಹಬೂಬ್ ಶಾಹಿ ಕಲಬುರಗಿ) ಮಿಲ್ಲಿನ ಹೆಸರಿನಲ್ಲಿರುವ ಮೆಹಬೂಬ ಅವನೇ. ಮರುವರ್ಷ ವಿಶ್ವೇಶ್ವರಯ್ಯನವರನ್ನು ಕರೆಸಿದರು. ಅವರು ಊರ ಮೇಲ್ಗಡೆ ಎರಡು ಜಲಾಶಯ ಕಟ್ಟಬೇಕು ಅಂದರು, ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಹುಟ್ಟಿದ್ದು ಹಾಗೆ. ಊರಿನ ಚರಂಡಿ ವ್ಯವಸ್ಥೆಗೂ ಯೋಜನೆ ಕೊಟ್ಟರು. ನದಿಗೊಂದು, ಊರಿಗೊಂದು, ಎರಡನ್ನೂ ಅವರು ಬೇರೆ ಬೇರೆ ಮಾಡಿಯೇ ನೋಡಿದರು. ನಮ್ಮಲ್ಲಿ ಜಲಾಶಯದ ಎಂಜಿನಿಯರುಗಳ ಫೋಟೋ ಗೋಡೆಗೆ ಬೀಳುತ್ತದೆ, ಚರಂಡಿಯವರ ಹೆಸರು ಯಾರಿಗೂ ಗೊತ್ತಿಲ್ಲ.

ಆ ಹುಣಸೆ ಮರವನ್ನು ಯಾರೂ ಜನ ಹತ್ತಲಿ ಅಂತ ನೆಟ್ಟಿರಲಿಲ್ಲ. ಚಾಚಾನ ಟ್ಯೂಬೂ ಹಾಗೇ. ನನ್ನ ತಕರಾರು ಇಷ್ಟೇ: ಸಿಕ್ಕದ್ದರಿಂದ ಬದುಕಿಕೊಳ್ಳುವುದನ್ನೇ ನಾವು ಎಷ್ಟು ವರ್ಷ ಮಾಡಬೇಕು? 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಪ್ರತಿ ಜಿಲ್ಲೆಗೆ ಒಂದು ಪ್ರಾಧಿಕಾರ, ಜಿಲ್ಲಾಧಿಕಾರಿ ಅದರ ಅಧ್ಯಕ್ಷರು. 2025ರಲ್ಲಿ ಆ ಕಾಯ್ದೆಗೆ ತಿದ್ದುಪಡಿಯಾಯಿತು. ಮಹಾನಗರ ಪಾಲಿಕೆ ಇರುವ ದೊಡ್ಡ ಊರುಗಳಿಗೆ ಬೇರೆ ನಗರ ವಿಪತ್ತು ನಿರ್ವಹಣಾ ಪ್ರಾಧಿಕಾರ ರಚಿಸಲು ರಾಜ್ಯ ಸರಕಾರಕ್ಕೆ ದಾರಿ ಮಾಡಿಕೊಟ್ಟಿದೆ. ನಮ್ಮ ಊರಿಗೆ ಪಾಲಿಕೆ ಇದೆ. ಕೇಳುವ ಹಕ್ಕೂ ಇದೆ ಅಂತ ನನ್ನ ತಿಳಿವಳಿಕೆ. ಅರ್ಜಿ ಬರೆದಿದ್ದೇನೆ, ಸಭೆ ಮುಗಿದ ಮೇಲೆ ಬಾಗಿಲ ಹತ್ತಿರ ಇಟ್ಟಿರುತ್ತೇವೆ, ಸಹಿ ಹಾಕಿ ಹೋಗಿ. ಅರ್ಜಿಯಲ್ಲಿ ಒಂದೇ ಬೇಡಿಕೆ: ನಮ್ಮ ವಾರ್ಡಿನಲ್ಲಿ ಬೋಟು, ಹಗ್ಗ, ಪಂಪು ಇಡಿ, ಕೀಲಿ ವಾರ್ಡಿನಲ್ಲೇ ಇರುವ ಮನುಷ್ಯನ ಕೈಯಲ್ಲಿರಲಿ. ಕಚೇರಿ ಮುಚ್ಚಿದ ಮೇಲೆ ಕೀಲಿ ಸಾಹೇಬರ ಜೇಬಿನಲ್ಲಿ ಮನೆಗೆ ಹೋಗುವುದಾದರೆ ಬೋಟು ಇದ್ದೂ ಇಲ್ಲದ ಹಾಗೆ.

2018ರಲ್ಲಿ ಕೇರಳದ ಮೀನುಗಾರರು ತಮ್ಮ ದೋಣಿಗಳನ್ನು ಲಾರಿಯ ಮೇಲೆ ಹೇರಿಕೊಂಡು ಒಳನಾಡಿಗೆ ಬಂದು ಸಾವಿರಾರು ಜನರನ್ನು ತಂದದ್ದು ನಿಮಗೆ ನೆನಪಿರಬಹುದು. ನಮಗೇನು ಕಡಿಮೆ? ಭೀಮಾ ದಂಡೆಯಲ್ಲಿ ಹರಗೋಲು ಹಾಕುವವರು, ಬಲೆ ಬೀಸುವವರು ಇಂದಿಗೂ ಇದ್ದಾರೆ. ನೀರಿನ ಸೆಳೆತ ಎಲ್ಲಿದೆ ಅಂತ ನೋಡಿದ ಕೂಡಲೇ ಹೇಳುತ್ತಾರೆ. ಅವರ ಪಟ್ಟಿ, ಅವರ ಫೋನ್ ನಂಬರ್, ಅವರಿಗೆ ಕೂಲಿ ಯಾರು ಕೊಡುತ್ತಾರೆ ಅನ್ನುವುದು ಮೊದಲೇ ತೀರ್ಮಾನ ಆಗಿರಬೇಕು. ಪ್ರಾಣ ಉಳಿಸಿದ ಮೇಲೆ ಶಾಲು ಹೊದೆಸುವುದು ಸುಲಭ. ಡೀಸೆಲ್ ಖರ್ಚು ಕೊಡಿ ಅಂದರೆ ಆರು ತಿಂಗಳು ಫೈಲು ಓಡಾಡುತ್ತದೆ.

ಸರಕಾರ ಕೊಡುವವರೆಗೆ ನಾವು ಏನು ಮಾಡುವುದು? ಬಹಳ ಹೇಳುವುದಿಲ್ಲ. ಮನೆಯಲ್ಲಿ ನೆಲಮಾಳಿಗೆಯಲ್ಲಿ ಬಾಡಿಗೆಗೆ ಹುಡುಗರನ್ನು ಇಟ್ಟವರು ಮಾತ್ರ ಇದನ್ನು ಕೇಳಿಸಿಕೊಳ್ಳಿ. ಮೂರು ಫೂಟು ಅಗಲದ ಬಾಗಿಲಿನ ಹೊರಗೆ ಒಂದು ಮೀಟರ್ ನೀರು ನಿಂತರೆ ಬಾಗಿಲ ಮೇಲೆ ಬೀಳುವ ಒತ್ತಡ ನಾಲ್ಕೂವರೆ ಕ್ವಿಂಟಾಲ್. ಗಂಜಿನಲ್ಲಿ ತೊಗರಿ ಚೀಲ ಎತ್ತುವವರನ್ನು ಕೇಳಿ ಅದು ಎಷ್ಟು ಅಂತ. ಹೊರಗೆ ತೆರೆಯುವ ಬಾಗಿಲಾದರೆ ಒಳಗಿನ ಹುಡುಗ ಎಷ್ಟು ಗಟ್ಟಿಯಿದ್ದರೂ ತಳ್ಳಲಾರ. ನೀರು ಪಾದ ಮುಟ್ಟಿದ ಕೂಡಲೇ ಅವನು ಮೇಲೆ ಬರಬೇಕು, ಲ್ಯಾಪ್‌ಟಾಪ್ ಹುಡುಕುತ್ತ ಕೂರಬಾರದು. ರಾತ್ರಿ ಅವನನ್ನು ಎಬ್ಬಿಸುವುದು ಬಾಡಿಗೆ ತೆಗೆದುಕೊಳ್ಳುವ ನಿಮ್ಮ ಕೆಲಸ.

ಇನ್ನು ಗಾಡಿಯವರು. ಹಳೆ ಜೇವರ್ಗಿ ರಸ್ತೆಯ ಅಂಡರ್‌ಬ್ರಿಡ್ಜಿನಲ್ಲಿ ನೀರು ನಿಂತಾಗ "ಬುಲೆಟ್ ಅದ, ದಾಟ್ತದ" ಅನ್ನುವವರನ್ನು ನೋಡಿದ್ದೇನೆ. ಹರಿಯುವ ನೀರು ಅರ್ಧ ಫೂಟಿದ್ದರೆ ನಿಂತ ಮನುಷ್ಯನ ಕಾಲು ಕೀಳುತ್ತದೆ. ಎರಡು ಫೂಟಿದ್ದರೆ ಕಾರು ತೇಲಿಕೊಂಡು ಹೋಗುತ್ತದೆ. ಇಷ್ಟು ಸಾಕು.

ನಮ್ಮ ಓಣಿಯಲ್ಲಿ ಈಗ ನಡೆಯುತ್ತಿರುವುದನ್ನು ಹೇಳಿ ಮುಗಿಸುತ್ತೇನೆ. ಏಳಲು ಆಗದವರು, ಬಸುರಿ ಬಾಣಂತಿಯರು, ಒಂಟಿ ಮುದುಕರು ಇರುವ ಮನೆಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿದ್ದೇವೆ. ಅದು ಕಿರಾಣಿ ಅಂಗಡಿಯಲ್ಲಿ, ಉದ್ದರಿ ವಹಿಯ ಪಕ್ಕದಲ್ಲೇ ಇರುತ್ತದೆ, ಯಾಕೆಂದರೆ ಆ ವಹಿ ಎಂದೂ ಕಳೆಯುವುದಿಲ್ಲ. ಆರು ಲಾರಿ ಟ್ಯೂಬು, ಎರಡು ಪಂಪು, ನೂರು ಫೂಟು ಹಗ್ಗ, ಬಿದಿರು ಗಳ ಚಾಚಾನ ಅಂಗಡಿಯಲ್ಲಿವೆ. ಅಂಗಡಿಯ ಎರಡನೇ ಕೀಲಿ ನನ್ನ ಹತ್ತಿರ, ಮೂರನೆಯದು ಆ ಡಿಪ್ಲೊಮಾ ಹುಡುಗನ ಹತ್ತಿರ. ಮೀಟರ್ ಬೋರ್ಡು ಎದೆಮಟ್ಟಕ್ಕಿಂತ ಕೆಳಗಿರುವ ಹನ್ನೊಂದು ಮನೆಗಳಲ್ಲಿ ಎಂಟು ಮೇಲಕ್ಕೆ ಏರಿಸಿಕೊಂಡಿವೆ. ಉಳಿದ ಮೂವರು ಇಲ್ಲೇ ಕೂತಿದ್ದಾರೆ, ಹೆಸರು ಹೇಳುವುದಿಲ್ಲ.

ಆಯಿ ಹೋದ ವರ್ಷ ತೀರಿಕೊಂಡರು, ವಯಸ್ಸಾಗಿ, ಒಣ ಹಾಸಿಗೆಯ ಮೇಲೆ. ಆ ರಾತ್ರಿ ಟ್ಯೂಬಿನ ಮೇಲೆ ತೇಲಿಕೊಂಡು ಬರುವಾಗ ಆಕೆ ಹುಡುಗರಿಗೆ ಹೇಳಿದ್ದು ಒಂದೇ ಮಾತು: "ಸಾವಕಾಶ ನಡೀರಿ ತಮ್ಮಾ, ನನಗೇನ್ ಬಸ್ ತಪ್ಪೂದಿಲ್ಲ."

ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ ನಾಲಾದ ಗುಂಟ ನಡೆಯುವುದಿದೆ, ಮೇಲಿನ ಮೋರಿಯಿಂದ ಹಿಡಿದು ರೈಲ್ವೆ ಹಳಿಯವರೆಗೆ. ಎಲ್ಲಿ ಮುಚ್ಚಿದೆ, ಎಲ್ಲಿ ಯಾರ ಕಾಂಪೌಂಡು ಒಳಗೆ ಬಂದಿದೆ ಅಂತ ಟೇಪು ಹಿಡಿದು ಬರೆದುಕೊಳ್ಳುವುದು. ಜಗಳ ಆಗಬಹುದು, ಆ ಕಾಂಪೌಂಡುಗಳಲ್ಲಿ ಒಂದು ನನ್ನ ಷಡ್ಡಕನದು. ಚಪ್ಪಲಿ ಹಾಕಿಕೊಂಡು ಬರಬೇಡಿ, ಬೂಟು ಇರಲಿ, ನಾಲಾದೊಳಗೆ ಗಾಜು ಬಹಳ ಇದೆ.